ಮೂರನೇ ಟ್ಯೂಬು

ಎಂಟು ಹೊಡೀತಿದ್ದಂಗ ಉದ್ಯಮಬಾಗದ ಮೋಟರೆಲ್ಲಾ
ಒಮ್ಮೆಲೆ ಕರೆಂಟು ಕುಡೀತಾವು.
ನಮ್ಮ ಶೆಡ್ಡಿನ ಟ್ಯೂಬಿಗೆ ಉಳಿಯೂದು ತಳದ ಗಸಿ.
ಮೊದಲನೇದು ಹತ್ತತೈತಿ. ಎರಡನೇದು, ಬೈದ ಮ್ಯಾಲ.
ಮೂರನೇದು, ಬಾಗಿಲ ಹತ್ತಿರದ್ದು,
ಪಿಳಿ ಪಿಳಿ, ಪಿಳಿ ಪಿಳಿ,
ಹೊಸ್ತಿಲಿಗೆ ಬಂದು, ಒಳಗ ಬರಲೋ ಬ್ಯಾಡೋ
ಅಂತ ನಿಂತ ಸಿಟ್ಟಿನ ಬೀಗರಂಗ.

ಮಾಲಕ ಜಿನ್ನಪ್ಪ ಚೌಗುಲೆ ಕೆಳಗ ನಿಂತು ಕೂಗತಾರ:
"ಏನಾತವಾ? ಅದನ್ನ ಒಗದು ಹೊಸಾದು ಹಾಕಬಾರದ?"
ನಾನು ಏಣಿ ಮ್ಯಾಲ. ಬಾಯಾಗ ಟೆಸ್ಟರು,
ಉತ್ತರ ಕೊಡಾಕ ಜಾಗಾ ಇಲ್ಲ.
ಐಟಿಐದಾಗ ಹುಡುಗರು ನನಗ ಟ್ಯೂಬ್‌ಲೈಟ್ ಅಂತಿದ್ರು,
ಇವತ್ತಿನ ಜೋಕಿಗೆ ನಾಳೆ ನಗತೀನಿ ಅಂತ.
ಈಗ ನನ್ನ ಬಳಗಾನ ರಿಪೇರಿ ಮಾಡಾಕತ್ತೀನಿ.

ಮೊದಲು ತುದಿ ನೋಡಬೇಕು.
ಕಂದೀಲಿನ ಗಾಜಿನಂಗ ಕರ್ರಗಾಗಿದ್ರ
ಅದರ ದಿನ ತುಂಬ್ಯಾವು.
ಎರಡೂ ತುದಿ ಕೆಂಪಗ ಉರದು ನಡುವ ಕತ್ತಲಿದ್ರ
ಸ್ಟಾರ್ಟರಿನ ಒಳಗಿನ ಎರಡು ಎಲಿ
ಒಂದನ್ನೊಂದು ಹಿಡಕೊಂಡು ಬಿಡವಲ್ಲವು.
ತಿರುವಿ ಅದನ್ನ ಹೊರಗ ತಗಿ,
ತಗದ ಕೂಡಲೇ ಬೆಳಕು.
ಹತ್ತೂ ಮಟಾ ಅದರ ಕೆಲಸ,
ಆಮ್ಯಾಲ ನನ್ನ ಕಿಸೇದಾಗಿದ್ರೂ ನಡೀತೈತಿ.
ಏನೂ ಇಲ್ಲ, ಪಿಳುಕೂ ಇಲ್ಲ ಅಂದ್ರ
ಹೋಲ್ಡರಿನಾಗ ಕಾಲು ಸುತ್ತು ತಿರುವು:
ಪಿನ್ನಿಗೂ ಹಿತ್ತಾಳಿಗೂ ನಡುವ
ಬೀಡಿನ ಧೂಳು ಕುಂತಿರತೈತಿ, ಕೂಲಂಟಿನ ಜಿಗಟು.
ಚೋಕು ಗೊಂಯ್ ಅಂದ್ರ ಅಂಜಬ್ಯಾಡ.
ಸುಟ್ಟ ವಾಸನಿ ಬಂದ್ರ ಇಳಿ.

ಇಷ್ಟು ಪುಸ್ತಕದಾಗ ಐತಿ.

ಡಿಸೆಂಬರಿನ ಮುಂಜಾನೆ, ಶೀಟಿನ ಕಿಂಡ್ಯಾಗಿಂದ
ಮಂಜು ಒಳಗ ಬಂದು ಲೇಥಿನ ಮ್ಯಾಲ ಕುಂತಾಗ
ಅಂಗೈಲೆ ಟ್ಯೂಬಿನ ಬೆನ್ನು ಸವರಬೇಕು,
ಎಮ್ಮಿ ಮೈ ಸವರಿ ತೊರಿ ಬಿಡಿಸಿದಂಗ.
ಕೈ ಹೋದ ದಾರೀಲೆ ಬೆಳಕು ಸರೀತೈತಿ.
ಇದು ಪುಸ್ತಕದಾಗ ಇಲ್ಲ.
ಕಲಿಸಿದಾವ ದಸ್ತಗೀರ ಮಿಸ್ತ್ರಿ,
ಮೂರು ಬಟ್ಟಿನ ಕೈಲೆ.

ಅವನ ಎರಡು ಬಟ್ಟು ಕತ್ತಲದಾಗ ಹೋಗಲಿಲ್ಲ.
ಲೇಥಿನ ಮ್ಯಾಲ ಆವತ್ತು ಒಂದ ಟ್ಯೂಬು,
ಹೊಸಾದು, ಹಾಲಿನಂಥಾ ಬೆಳಕು.
ನಿಮಿಷಕ್ಕ ಸಾವಿರ ಸುತ್ತು ತಿರುಗೂ ಮೂರು ದವಡಿ ಚಕ್ಕು
ಆ ಬೆಳಕಿನಾಗ ಆರು ದವಡಿ ಆಗಿ
ಸುಮ್ಮನ ನಿಂತಿತ್ತು.
ಬಾಜೂಕ ಗ್ರೈಂಡರಿನ ಅರಚಾಟ, ಕಿವಿ ಸಾಕ್ಷಿ ಹೇಳಲಿಲ್ಲ.
ನಿಂತೈತಿ ಅಂತ ಕೈ ಇಟ್ಟ.

"ಅದೂ ಪಿಳುಕತಿತ್ತು," ಅಂತಾನ ಈಗ,
ಬಸಿಯಾಗ ಚಾ ಸುರುವಿಕೋತ,
"ಸೆಕೆಂಡಿಗೆ ನೂರು ಸಲ. ನನಗ ಕಾಣಲಿಲ್ಲ, ಅಷ್ಟ.
ಬಾಗಿಲದ್ದು ಪಾಪ, ಎಲ್ಲಾರಿಗೂ ಕಾಣೂವಂಗ ಪಿಳುಕತೈತಿ.
ಅದು ಯಾರಿಗೂ ಮೋಸ ಮಾಡಿಲ್ಲ."

ಮೇನ್ ಕೆಡವಿ, ಮೂರನೇದನ್ನ ಪಟ್ಟಿ ಸಮೇತ ಬಿಚ್ಚಿ
ಲೇಥಿನ ಮ್ಯಾಲ ತಂದೀನಿ, ಮೊದಲನೇದರ ಮಗ್ಗಲಕ.
ವಾಯರು ಬ್ಯಾರೆ ಫೇಜಿಂದ ಎಳದೀನಿ:
ಒಂದು ರೆಪ್ಪಿ ಬಡಿಯೂದರಾಗ
ಇನ್ನೊಂದರ ಕಣ್ಣು ತಗದಿರಬೇಕು.
"ಹದಿನೆಂಟು ಮೀಟರ?" ಅಂದ್ರು ಚೌಗುಲೆ, ಬಿಲ್ಲು ಹಿಡದು.
ಮಿಸ್ತ್ರಿ ತನ್ನ ಕೈ ಎತ್ತಿ ತೋರಸಲಿಲ್ಲ.
ಚೌಗುಲೆ ಬಿಲ್ಲು ಮಡಚಿ ಟೊಪಗಿಯೊಳಗ ಇಟಗೊಂಡ್ರು.

ಮೇನ್ ಎತ್ತಿದೆ.
ಮೊದಲನೇದು ಹತ್ತಿತು. ಎರಡನೇದು, ಬೈಸಿಕೊಂಡು.
ಮೂರನೇದು ಪಿಳಿ ಪಿಳಿ.
ಲೇಥಿನ ಹಸರು ಬಟನ್ನಿನ ಮ್ಯಾಲ ಮಿಸ್ತ್ರಿಯ ಹೆಬ್ಬಟ್ಟು,
ಕಣ್ಣು ಮ್ಯಾಲ.
ಅದು ಹತ್ತೂ ಮಟಾ ಒತ್ತಾಂಗಿಲ್ಲ ಅವ.